ಹಿತ್ತಲ ಮೀನುಕೊಳದ ಪಾಚಿ: ಕೊಲ್ಲುವುದಕ್ಕಿಂತ ಹೊರತೆಗೆಯುವುದು ಮೇಲು

ಕೊಳದ ನೀರು ಹಸಿರಾದ ಕೂಡಲೇ ಮನಸ್ಸು ಓಡುವುದು ಪಾಚಿನಾಶಕದ ಬಾಟಲಿಯ ಕಡೆಗೆ. ಕೊಳ ಕಟ್ಟಿದ ಮೊದಲ ಬೇಸಿಗೆಯಲ್ಲಿ ನಾನೂ ಅದನ್ನೇ ಮಾಡಿದ್ದೆ. ಒಂದು ಸಂಜೆ ಇಡೀ ಕೊಳಕ್ಕೆ ಒಂದೇ ಸಲ ಔಷಧ ಸುರಿದೆ. ಮರುದಿನದ ಹೊತ್ತಿಗೆ ಹಸಿರು ಕಂದಿ, ತಳದ ಕಲ್ಲುಗಳು ಮಸುಕಾಗಿ ಕಾಣಿಸತೊಡಗಿದವು. ಅದರ ಮರುದಿನ ನಸುಕಿನಲ್ಲಿ ಹೋಗಿ ನೋಡಿದರೆ ಮೀನುಗಳೆಲ್ಲ ಮೇಲಕ್ಕೆ ಬಂದು, ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದವು. ಬಿಸಿಲೇರುವಷ್ಟರಲ್ಲಿ ನಾಲ್ಕು ಮೀನುಗಳು ಸತ್ತವು. ನಾಲ್ಕೂ ಕೊಳದ ಅತಿ ದೊಡ್ಡ ಮೀನುಗಳು. ಆಮ್ಲಜನಕ ತೀರಿದಾಗ ಮೊದಲು ಸೋಲುವುದು ದೊಡ್ಡ ಮೀನುಗಳೇ ಎಂಬುದು ನನಗೆ ಆಮೇಲೆ ತಿಳಿಯಿತು. ಸತ್ತ ಪಾಚಿಯನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ನೀರಿನ ಆಮ್ಲಜನಕವನ್ನು ಬಳಸಿಕೊಂಡಿದ್ದವು. ಮೂರು ವಾರ ಕಳೆಯುವುದರೊಳಗೆ ನೀರು ಮತ್ತೆ ಹಸಿರಾಯಿತು.

ಪಾಚಿ ಬೆಳೆಯುವುದು ಬಿಸಿಲಿನಿಂದ ಮತ್ತು ನೀರಿನಲ್ಲಿ ಕರಗಿದ ಸಾರಜನಕ, ರಂಜಕಗಳಿಂದ. ಅದನ್ನು ಕೊಳದೊಳಗೇ ಕೊಂದರೆ ಅದರ ಮೈಯಲ್ಲಿದ್ದ ಸಾರಜನಕವೂ ರಂಜಕವೂ ನೀರಿಗೇ ಮರಳುತ್ತವೆ. ಸತ್ತ ಪಾಚಿ ಮುಂದಿನ ಪಾಚಿಗೆ ಗೊಬ್ಬರವಾಗುತ್ತದೆ. ಹಾಗಾಗಿ ಈಗ ಯಾವ ಉಪಾಯ ಕೇಳಿಬಂದರೂ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಿಂದ ಕೊಳಕ್ಕೆ ಗೊಬ್ಬರ ಬರುವುದು ತಗ್ಗುತ್ತದೆಯೇ? ಈಗಾಗಲೇ ಇರುವ ಗೊಬ್ಬರ ಹೊರಗೆ ಹೋಗುತ್ತದೆಯೇ? ಕೆಳಗಿನ ಹಂತಗಳನ್ನು ಆ ಎಣಿಕೆಯಲ್ಲೇ ಜೋಡಿಸಿದ್ದೇನೆ. ಕ್ರಮವನ್ನು ಬದಲಿಸದಿರಿ.

1. ಯಾವ ಪಾಚಿ ಎಂದು ಗುರುತಿಸಿ

ಒಂದು ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಕೊಳದ ನೀರನ್ನು ತುಂಬಿ ಬೆಳಕಿಗೆ ಹಿಡಿಯಿರಿ. ನೀರೆಲ್ಲ ಒಂದೇ ಸಮನೆ ಹಸಿರಾಗಿದ್ದು, ಎಳೆಯಾಗಲಿ ಚೂರಾಗಲಿ ಕಾಣದಿದ್ದರೆ ಅದು ಹಸಿರು ನೀರು. ಕ್ಲೋರೆಲ್ಲಾದಂತಹ ಏಕಕೋಶ ಪಾಚಿಗಳು ಕೋಟಿಗಟ್ಟಲೆ ತೇಲುತ್ತಿವೆ ಎಂದರ್ಥ. ಇವು ಎಷ್ಟು ಚಿಕ್ಕವೆಂದರೆ ಫಿಲ್ಟರಿನ ಸ್ಪಂಜಿನಲ್ಲಿ ಸಲೀಸಾಗಿ ನುಸುಳಿ ಹೋಗುತ್ತವೆ. ನೋಡಲು ಚೆನ್ನಾಗಿಲ್ಲ ಎನ್ನುವುದನ್ನು ಬಿಟ್ಟರೆ ಹದವಾದ ಹಸಿರು ನೀರಿನಿಂದ ಮೀನಿಗೆ ಹಗಲಿನಲ್ಲಿ ತೊಂದರೆಯೇನೂ ಇಲ್ಲ. ರಾತ್ರಿಯ ಕಥೆ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ನೀರು ತಿಳಿಯಾಗಿದ್ದು, ಕಲ್ಲು, ಗಿಡ, ಪಂಪಿನ ಬಾಯಿಗಳಿಗೆ ಕೂದಲಿನಂತಹ ಎಳೆಗಳು ಸುತ್ತಿಕೊಂಡಿದ್ದರೆ ಅದು ಎಳೆ ಪಾಚಿ. ಕೋಲನ್ನು ಅದ್ದಿ ತಿರುಗಿಸಿದರೆ ಎಳೆಗಳು ಕೋಲಿಗೆ ಸುತ್ತಿಕೊಂಡು ಮೇಲೆ ಬರುತ್ತವೆ. ಸ್ಪೈರೋಗೈರಾ ಆಗಿದ್ದರೆ ಕೈಗೆ ಲೋಳೆಯಂತೆ ಜಾರುತ್ತದೆ, ಕ್ಲಾಡೋಫೋರಾ ಆಗಿದ್ದರೆ ಒದ್ದೆ ಹತ್ತಿಯಂತೆ ಒರಟಾಗಿರುತ್ತದೆ. ಇದು ತಳದಲ್ಲಿ ಹುಟ್ಟಿ, ತಾನೇ ಬಿಡುವ ಆಮ್ಲಜನಕದ ಗುಳ್ಳೆಗಳನ್ನು ಒಳಗೆ ಹಿಡಿದುಕೊಂಡು ಮಧ್ಯಾಹ್ನದ ಹೊತ್ತಿಗೆ ಹಾವಸೆಯಾಗಿ ಮೇಲೆ ತೇಲುತ್ತದೆ.

ಮೂರನೆಯದರ ಬಗ್ಗೆ ಎಚ್ಚರ ಬೇಕು. ನೀರಿನ ಮೇಲೆ ಬಣ್ಣ ಚೆಲ್ಲಿದಂತೆ ನೀಲಿ ಹಸಿರು ಕೆನೆ ಕಟ್ಟಿ, ಮಣ್ಣಿನ ಅಥವಾ ಕೊಳೆತ ವಾಸನೆ ಬಂದರೆ ಅದು ಬಹುತೇಕ ಸಯನೋಬ್ಯಾಕ್ಟೀರಿಯಾ. ಕೋಲು ಅದ್ದಿದರೆ ಎಳೆ ಬರುವುದಿಲ್ಲ, ಬಣ್ಣದಲ್ಲಿ ಅದ್ದಿ ತೆಗೆದಂತೆ ಕೋಲಿಗೆ ಮೆತ್ತಿಕೊಳ್ಳುತ್ತದೆ. ಬಾಟಲಿಯ ನೀರನ್ನು ಅಲುಗಾಡಿಸದೆ ಒಂದು ರಾತ್ರಿ ಇಟ್ಟರೆ ಈ ಕೋಶಗಳು ಕುತ್ತಿಗೆಯ ಹತ್ತಿರ ಉಂಗುರದಂತೆ ಮೇಲೆ ಸೇರುತ್ತವೆ, ಏಕೆಂದರೆ ಮೈಕ್ರೋಸಿಸ್ಟಿಸ್‌ನಂತಹ ಜಾತಿಗಳ ಕೋಶದೊಳಗೆ ಗಾಳಿ ತುಂಬಿದ ಸಣ್ಣ ಕೋಶಿಕೆಗಳಿರುತ್ತವೆ. ಹೆಸರಿನಲ್ಲಿ ನೀಲಿ ಹಸಿರು ಪಾಚಿ ಎಂದಿದ್ದರೂ ಇವು ಪಾಚಿಗಳಲ್ಲ, ಬ್ಯಾಕ್ಟೀರಿಯಾಗಳು. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ವಾತಾವರಣಕ್ಕೆ ಆಮ್ಲಜನಕ ಸೇರತೊಡಗಿದ್ದು ಇವುಗಳ ಪೂರ್ವಜರಿಂದ. ಅಷ್ಟು ಹಳೆಯ ಜೀವಿಯ ಮೇಲೆ ಗೌರವ ಮೂಡುವುದು ಸಹಜ, ಆದರೆ ಕೆಲವು ಜಾತಿಗಳು ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ತಯಾರಿಸುತ್ತವೆ. ಯಾವುದು ವಿಷಕಾರಿ, ಯಾವುದು ಅಲ್ಲ ಎಂದು ಕಣ್ಣಿನಿಂದ ಹೇಳಲಾಗದು. ಮಕ್ಕಳನ್ನೂ ನಾಯಿಯನ್ನೂ ಕೊಳದಿಂದ ದೂರವಿಡಿ, ಕೈಗವಸು ಹಾಕಿಕೊಂಡು ಕೆನೆಯನ್ನು ಸಣ್ಣ ಬಲೆಯಿಂದ ಅಥವಾ ಚೊಂಬಿನಿಂದ ಮೆಲ್ಲಗೆ ಮೊಗೆದು ತೆಗೆಯಿರಿ. ಇದಕ್ಕೆ ಔಷಧ ಹಾಕಿ ಒಮ್ಮೆಲೇ ಕೊಲ್ಲಲು ಹೋಗಬೇಡಿ. ಕೋಶಗಳು ಒಡೆದಾಗ ಒಳಗಿದ್ದ ವಿಷವೆಲ್ಲ ನೀರಿಗೆ ಸೇರುತ್ತದೆ.

ಕಲ್ಲು ಮತ್ತು ಗೋಡೆಗಳ ಮೇಲೆ ಮಖಮಲ್ಲಿನಂತೆ ಗಿಡ್ಡಗೆ ಹಬ್ಬಿರುವ ಹಸಿರು ನಾಲ್ಕನೆಯದು. ಅದನ್ನು ಉಜ್ಜಿ ತೆಗೆಯದೆ ಹಾಗೇ ಬಿಡಿ, ಏಕೆಂದು ಕೊನೆಯಲ್ಲಿ ಹೇಳುತ್ತೇನೆ.

2. ಬೇರೆ ಯಾವ ಕೆಲಸಕ್ಕೂ ಮೊದಲು ಗಾಳಿ

ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ. ಕತ್ತಲಾದ ಮೇಲೆ ಅದೂ ಮೀನಿನಂತೆಯೇ ಉಸಿರಾಡುತ್ತದೆ. ಮೀನು, ಪಾಚಿ, ಗಿಡ, ತಳದ ಕೆಸರಿನ ಬ್ಯಾಕ್ಟೀರಿಯಾ ಎಲ್ಲವೂ ರಾತ್ರಿಯಿಡೀ ಒಂದೇ ದಾಸ್ತಾನಿನಿಂದ ತೆಗೆಯುತ್ತವೆ, ತುಂಬುವವರು ಯಾರೂ ಇರುವುದಿಲ್ಲ. ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಆಮ್ಲಜನಕ ಅತ್ಯಂತ ಕೆಳಗಿರುತ್ತದೆ. ಬೇಸಿಗೆಯಲ್ಲಿ ದಾಸ್ತಾನೇ ಚಿಕ್ಕದು: 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಸುಮಾರು 7.5 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಮೀನುಗಳು ನೆಮ್ಮದಿಯಿಂದಿರಲು 5 ಮಿಲಿಗ್ರಾಂ ಆದರೂ ಬೇಕು.

ಆದ್ದರಿಂದ ಪಾಚಿಯ ತಂಟೆಗೆ ಹೋಗುವ ಮುನ್ನ ಗಾಳಿ ಪಂಪನ್ನೋ ಕಾರಂಜಿಯನ್ನೋ ಸಣ್ಣ ಜಲಪಾತವನ್ನೋ ಅಳವಡಿಸಿ. ಅದು ರಾತ್ರಿ ಓಡಲೇಬೇಕು. ಸದ್ದಾಗುತ್ತದೆ ಎಂದೋ ವಿದ್ಯುತ್ ಉಳಿಯಲಿ ಎಂದೋ ಕಾರಂಜಿಯನ್ನು ಹಗಲಿನಲ್ಲಿ ಓಡಿಸಿ ರಾತ್ರಿ ನಿಲ್ಲಿಸುವುದನ್ನು ಹಲವು ಕೊಳಗಳಲ್ಲಿ ನೋಡಿದ್ದೇನೆ. ಅದು ಸಂಪೂರ್ಣ ತಲೆಕೆಳಗಾದ ಕ್ರಮ. ಒಂದನ್ನೇ ಆರಿಸಬೇಕಾದರೆ ರಾತ್ರಿಯನ್ನು ಆರಿಸಿ. ಕೊಳದ ಬಳಿಯ ವಿದ್ಯುತ್ ಸಂಪರ್ಕಕ್ಕೆ, ಸೋರಿಕೆಯಾದರೆ ತಾನೇ ಕಡಿತಗೊಳ್ಳುವ ಬ್ರೇಕರ್ ಇರಲೇಬೇಕು. ನೀರಿಗೆ ಕೈ ಹಾಕುವ ಮುನ್ನ ಪ್ಲಗ್ ತೆಗೆಯಿರಿ.

3. ಅಳೆಯಿರಿ

ಕೊಳದ ಉದ್ದ, ಅಗಲ, ಸರಾಸರಿ ಆಳಗಳನ್ನು ಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 1,000ದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 3 ಮೀಟರ್ ಉದ್ದ, 2 ಮೀಟರ್ ಅಗಲ, 0.8 ಮೀಟರ್ ಆಳದ ಕೊಳದಲ್ಲಿ 4,800 ಲೀಟರ್ ನೀರಿರುತ್ತದೆ. ಅಂಚುಗಳು ಇಳಿಜಾರಾಗಿದ್ದರೆ ಇನ್ನೂ ಕಡಿಮೆ. ಪಂಪು, ಫಿಲ್ಟರು, ಮೀನಿನ ಸಂಖ್ಯೆ, ಔಷಧದ ಪ್ರಮಾಣ ಎಲ್ಲಕ್ಕೂ ಈ ಸಂಖ್ಯೆಯೇ ಆಧಾರ. ಊಹೆಯಿಂದ ಹೇಳುವವರು ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚು ಹೇಳುತ್ತಾರೆ. ಔಷಧದ ವಿಷಯದಲ್ಲಿ ಆ ತಪ್ಪು ಮೀನಿನ ಪ್ರಾಣಕ್ಕೆ ಬರುತ್ತದೆ.

ನೀರಿನ ತಿಳಿಯನ್ನು ಅಳೆಯಲು ಇಟಲಿಯ ವಿಜ್ಞಾನಿ ಏಂಜೆಲೊ ಸೆಕ್ಕಿ 1865ರಲ್ಲಿ ಬಳಸಿದ ಉಪಾಯವೇ ಸಾಕು. ಬಿಳಿ ತಟ್ಟೆಯೊಂದನ್ನು ಕೋಲಿನ ತುದಿಗೆ ಕಟ್ಟಿ, ಕೋಲಿನ ಮೇಲೆ ಸೆಂಟಿಮೀಟರ್ ಗುರುತು ಹಾಕಿ, ಮಧ್ಯಾಹ್ನದ ಬೆಳಕಿನಲ್ಲಿ ಮೆಲ್ಲಗೆ ಇಳಿಸಿ. ತಟ್ಟೆ ಕಣ್ಮರೆಯಾಗುವ ಆಳವನ್ನು ದಿನಾಂಕದೊಂದಿಗೆ ಬರೆದಿಡಿ. ದಿನವೂ ನೋಡುವ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಬರೆದ ಅಂಕಿಯಲ್ಲಿ, 20 ಸೆಂಟಿಮೀಟರ್ ಇದ್ದದ್ದು 35 ಆದದ್ದು ಗೊತ್ತಾಗುತ್ತದೆ.

ನಂತರ ಅಮೋನಿಯಾ, ನೈಟ್ರೈಟ್, ನೈಟ್ರೇಟ್ (ಮೂರೂ ಸಾರಜನಕದ ರೂಪಗಳು), ಫಾಸ್ಫೇಟ್ (ರಂಜಕದ ರೂಪ) ಮತ್ತು ಪಿಎಚ್ (ನೀರಿನ ಆಮ್ಲ, ಕ್ಷಾರ ಗುಣದ ಅಳತೆ) ಪರೀಕ್ಷೆಯ ಕಿಟ್. ಪಿಎಚ್ ಅನ್ನು ಒಂದೇ ದಿನ ಎರಡು ಸಲ, ಬೆಳಗಾಗುವಾಗ ಒಮ್ಮೆ ಮತ್ತು ಸಂಜೆ ನಾಲ್ಕರ ಸುಮಾರಿಗೆ ಒಮ್ಮೆ ನೋಡಿ. ಪಾಚಿ ಹಗಲಿನಲ್ಲಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಸಂಜೆಗೆ ಪಿಎಚ್ ಏರುತ್ತದೆ. ದಟ್ಟ ಹಸಿರು ಕೊಳದಲ್ಲಿ ಅದು 9ನ್ನು ದಾಟುವುದೂ ಉಂಟು. ಇದೇಕೆ ಮುಖ್ಯವೆಂದರೆ, ನೀರಿನಲ್ಲಿರುವ ಅಮೋನಿಯಾದ ವಿಷ ಪಿಎಚ್ ಅನ್ನು ಅವಲಂಬಿಸಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ. 1ಕ್ಕೂ ಕಡಿಮೆ ಭಾಗ ವಿಷಕಾರಿ ರೂಪದಲ್ಲಿರುತ್ತದೆ, ಪಿಎಚ್ 8ರಲ್ಲಿ ಸುಮಾರು ಶೇ. 5, ಪಿಎಚ್ 9ರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಬೆಳಗಿನ ಪರೀಕ್ಷೆಯಲ್ಲಿ ನಿರಪಾಯವೆಂದು ಕಂಡ ನೀರು ಸಂಜೆಗೆ ಮೀನಿನ ಕಿವಿರುಗಳನ್ನು ಸುಡುತ್ತಿರಬಹುದು.

ತುಂಬಿಸುವ ನಲ್ಲಿ ನೀರನ್ನೂ ಅದೇ ಕಿಟ್ಟಿನಿಂದ ಪರೀಕ್ಷಿಸಿ. ಕೆಲವು ಕಡೆ ಕೊಳವೆಗಳು ಸವೆಯದಿರಲೆಂದು ಸರಬರಾಜು ನೀರಿಗೇ ಫಾಸ್ಫೇಟ್ ಬೆರೆಸುತ್ತಾರೆ. ಬಾವಿ ನೀರಿನಲ್ಲಿ ನೈಟ್ರೇಟ್ ಹೆಚ್ಚಿರಬಹುದು. ಹಾಗಿದ್ದರೆ ನೀವು ತುಂಬಿಸುವ ಪ್ರತಿ ಕೊಡವೂ ಪಾಚಿಗೆ ಊಟ. ಮಳೆನೀರನ್ನು ಹಿಡಿದು ಸ್ವಲ್ಪ ಸ್ವಲ್ಪವಾಗಿ ಬೆರೆಸುವುದು ಆಗ ಒಳ್ಳೆಯ ದಾರಿ.

4. ಮೇವು: ಅರ್ಧ ಕೆಲಸ ಇಲ್ಲೇ ಇದೆ

ಈ ಹಂತವನ್ನು ಓದುಗರು ಹಾರಿಸಿಬಿಡುತ್ತಾರೆ ಎಂಬ ಭಯ ನನಗಿದೆ. ಕೈಯಲ್ಲಿ ಮೇವು ಹಿಡಿದು ನಿಂತಾಗ ಮೀನುಗಳು ಓಡಿ ಬರುವುದು ಕೊಳ ಸಾಕುವವರ ದೊಡ್ಡ ಸಂತೋಷ. ಅದನ್ನು ಕಡಿಮೆ ಮಾಡಿಕೊಳ್ಳಿ ಎಂದರೆ ಯಾರಿಗೂ ಇಷ್ಟವಾಗುವುದಿಲ್ಲ. ಆದರೂ ಲೆಕ್ಕವನ್ನು ಒಮ್ಮೆ ನೋಡಿ.

ಸಾಮಾನ್ಯ ಮೀನಿನ ಮೇವಿನಲ್ಲಿ ಶೇ. 35ರಷ್ಟು ಪ್ರೋಟೀನ್ ಇದೆ ಎಂದುಕೊಳ್ಳೋಣ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16 ಸಾರಜನಕ. ಅಂದರೆ 100 ಗ್ರಾಂ ಮೇವಿನಲ್ಲಿ ಐದೂವರೆ ಗ್ರಾಂ ಸಾರಜನಕ, ಅದರ ಜೊತೆಗೆ ಸುಮಾರು ಒಂದು ಗ್ರಾಂ ರಂಜಕ. ಮೀನು ತನ್ನ ಮೈಗೆ ಸೇರಿಸಿಕೊಳ್ಳುವುದು ಇದರಲ್ಲಿ ಸಣ್ಣ ಪಾಲನ್ನು ಮಾತ್ರ. ಉಳಿದ ಸಾರಜನಕದ ಬಹುಭಾಗ ಕಿವಿರುಗಳ ಮೂಲಕ ಅಮೋನಿಯಾವಾಗಿ ನೇರವಾಗಿ ನೀರಿಗೆ ಬರುತ್ತದೆ, ರಂಜಕ ಹಿಕ್ಕೆಯ ಜೊತೆ ತಳ ಸೇರುತ್ತದೆ. ಪಾಚಿಗೆ ರಂಜಕ ಬೇಕಾಗುವುದು ಅತ್ಯಲ್ಪ. ಒಂದು ಗ್ರಾಂ ರಂಜಕದಿಂದ ನೂರು ಗ್ರಾಂಗೂ ಹೆಚ್ಚು ಒಣ ಪಾಚಿ ಬೆಳೆಯಬಲ್ಲದು, ಜೀವಂತ ಪಾಚಿಯ ತೂಕ ನೀರು ಸೇರಿ ಅದರ ಹಲವು ಪಟ್ಟು. ನೀವು ಬುಟ್ಟಿಗಟ್ಟಲೆ ಹೊರತೆಗೆಯುವ ಎಳೆ ಪಾಚಿ ಬಂದದ್ದು ಮೇವಿನ ಡಬ್ಬಿಯಿಂದ.

ದಿನಕ್ಕೆ ಒಂದೇ ಸಲ, ಎರಡು ಮೂರು ನಿಮಿಷಗಳಲ್ಲಿ ಪೂರ್ತಿ ಖಾಲಿಯಾಗುವಷ್ಟು ಮೇವು ಹಾಕಿ. ಮೊದಲು ಚಿಟಿಕೆಯಷ್ಟು, ಅದು ಮುಗಿದ ಮೇಲೆ ಇನ್ನೊಂದು ಚಿಟಿಕೆ. ತೇಲುವ ಕಾಳು ಉಳಿದರೆ ಬಲೆಯಿಂದ ಎತ್ತಿಬಿಡಿ. ವಾರದಲ್ಲಿ ಒಂದು ದಿನ ಮೇವು ಬೇಡ. ಹಳೆಯ ಕೊಳದಲ್ಲಿರುವ ಬೆಳೆದ ಗೋಲ್ಡ್ ಫಿಶ್, ಕೊಯಿಗಳು (ಬಣ್ಣದ ಕಾರ್ಪ್ ಮೀನುಗಳು) ಒಂದು ವಾರ ಮೇವಿಲ್ಲದೆಯೂ ಕಲ್ಲಿನ ಹಸಿರನ್ನೂ ಹುಳುಗಳನ್ನೂ ತಿಂದು ಆರಾಮವಾಗಿರುತ್ತವೆ. ಕೈ ನೋಡಿ ಓಡಿ ಬರುವುದು ಹಸಿವಿನ ಗುರುತಲ್ಲ, ಅಭ್ಯಾಸದ ಗುರುತು. ಸಂಜೆ ಮೇವು ಹಾಕುವುದನ್ನು ಬಿಡಿ. ತಿಂದ ಮೇಲಿನ ಕೆಲವು ಗಂಟೆಗಳಲ್ಲಿ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ಆ ಗಂಟೆಗಳು ರಾತ್ರಿಯಲ್ಲಿ ಬೀಳಬಾರದು. ಬೆಳಗ್ಗೆ ಬಿಸಿಲು ಸ್ವಲ್ಪ ಏರಿದ ಮೇಲೆ ಸರಿಯಾದ ಹೊತ್ತು. ನೀರು 10 ಡಿಗ್ರಿಗಿಂತ ತಣ್ಣಗಾಗುವ ಪ್ರದೇಶಗಳಲ್ಲಿ ಆ ಕಾಲದಲ್ಲಿ ಮೇವನ್ನೇ ನಿಲ್ಲಿಸಬೇಕು.

ಮೇವಿನ ಜೊತೆಗೇ ಬರುವ ಪ್ರಶ್ನೆ ಮೀನಿನ ಸಂಖ್ಯೆ. ಕೊಯಿ 60 ಸೆಂಟಿಮೀಟರ್ ಬೆಳೆಯಬಲ್ಲ ಮೀನು. ಒಂದೊಂದಕ್ಕೆ ಕನಿಷ್ಠ 1,000 ಲೀಟರ್ ನೀರನ್ನು ಲೆಕ್ಕ ಹಾಕುವುದು ರೂಢಿ. ಮರಿಗಳನ್ನು ಬಿಡುವಾಗ ಕೊಳ ಖಾಲಿಯಾಗಿ ಕಾಣುತ್ತದೆ, ಮೂರು ವರ್ಷ ಕಳೆದರೆ ಕಿಕ್ಕಿರಿದಿರುತ್ತದೆ. ಹೆಚ್ಚಾದವನ್ನು ಸಾಕುವ ಮನಸ್ಸಿರುವವರಿಗೆ ಕೊಡಿ. ಕೆರೆ, ಹೊಳೆಗೆ ಮಾತ್ರ ಬಿಡಬೇಡಿ.

ಹೊರಗಿನಿಂದ ಹರಿದು ಬರುವ ಗೊಬ್ಬರವನ್ನೂ ತಡೆಯಬೇಕು. ಕೊಳದ ಅಂಚು ಸುತ್ತಲಿನ ನೆಲಕ್ಕಿಂತ ಒಂದು ಗೇಣಿನಷ್ಟಾದರೂ ಎತ್ತರವಿರಲಿ. ಇಲ್ಲದಿದ್ದರೆ ಹುಲ್ಲುಹಾಸಿಗೆ ಹಾಕಿದ ಗೊಬ್ಬರ ಮೊದಲ ಜೋರು ಮಳೆಗೇ ಕೊಳಕ್ಕೆ ಇಳಿಯುತ್ತದೆ. ಎಲೆ ಉದುರುವ ತಿಂಗಳುಗಳಲ್ಲಿ ಮೇಲೆ ಬಲೆ ಹರಡಿ. ಕೊಳೆತ ಎಲೆ ಎಂದರೆ ಮುಂದಿನ ಬೇಸಿಗೆಯ ಪಾಚಿ.

5. ಕೈಯಿಂದ ತೆಗೆಯಿರಿ

ಎಳೆ ಪಾಚಿಗೆ ಒರಟು ಮೈಯ ಉದ್ದನೆಯ ಕೋಲಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಪಾಚಿಯ ಮುದ್ದೆಯೊಳಗೆ ಚುಚ್ಚಿ, ನೂಲು ಸುತ್ತುವಂತೆ ಒಂದೇ ದಿಕ್ಕಿಗೆ ತಿರುಗಿಸಿ, ನಿಧಾನವಾಗಿ ಎಳೆಯಿರಿ. ರಭಸದಿಂದ ಎಳೆದರೆ ಎಳೆಗಳು ತುಂಡಾಗುತ್ತವೆ. ಪ್ರತಿ ತುಂಡೂ ಮತ್ತೆ ಬೆಳೆಯುತ್ತದೆ. ತೆಗೆದದ್ದನ್ನು ಒಂದು ಗಂಟೆ ಕೊಳದ ಅಂಚಿನಲ್ಲೇ, ನೀರಿಗೆ ತಾಗಿದಂತೆ ಇಡಿ. ಅದರೊಳಗೆ ಸಿಕ್ಕಿರುವ ಬಸವನಹುಳು, ಗೊದಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ತೆವಳಿಕೊಂಡು ನೀರಿಗೆ ಮರಳುತ್ತವೆ. ಆಮೇಲೆ ಅಲ್ಲಿ ಬಿಡಬೇಡಿ, ಕೊಳೆತ ರಸ ವಾಪಸು ಇಳಿಯುತ್ತದೆ. ಗೊಬ್ಬರದ ಗುಂಡಿಗೆ ಹಾಕಿ ಒಣ ಎಲೆಯೊಂದಿಗೆ ಬೆರೆಸಿದರೆ ಗಿಡಗಳಿಗೆ ಒಳ್ಳೆಯ ಗೊಬ್ಬರವಾಗುತ್ತದೆ. ಮೇವಾಗಿ ಒಳಗೆ ಹೋದ ರಂಜಕ ಹೀಗೆ ಕೊಳದಿಂದ ಹೊರಗೆ ಬಂದಿತು. ಈ ಒಂದು ಬುಟ್ಟಿ ಮಾಡುವ ಕೆಲಸವನ್ನು ಯಾವ ಬಾಟಲಿಯೂ ಮಾಡುವುದಿಲ್ಲ.

ತಳದ ಕಪ್ಪು ಕೆಸರು ಇನ್ನೊಂದು ಗೊಬ್ಬರದ ಕಣಜ. ಕೊಳದ ವ್ಯಾಕ್ಯೂಮ್ ಯಂತ್ರದಿಂದ ಅಥವಾ ದಪ್ಪ ಕೊಳವೆಯಲ್ಲಿ ನೀರು ತಾನೇ ಇಳಿದು ಬರುವಂತೆ ಮಾಡಿ ಅದನ್ನು ಹೊರತೆಗೆಯಿರಿ. ಒಂದೇ ದಿನದಲ್ಲಿ ಇಡೀ ತಳವನ್ನು ಕಲಕಬೇಡಿ. ದಪ್ಪ ಕೆಸರಿನಡಿ ಆಮ್ಲಜನಕವಿಲ್ಲದೆ ಹೈಡ್ರೋಜನ್ ಸಲ್ಫೈಡ್ ಸೇರಿಕೊಂಡಿರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಮೀನಿಗೆ ವಿಷ. ಒಂದು ವಾರ ಅರ್ಧ ತಳ, ಎರಡು ವಾರ ಬಿಟ್ಟು ಇನ್ನರ್ಧ ಸಾಕು.

ಇಡೀ ಕೊಳವನ್ನು ಖಾಲಿ ಮಾಡಿ, ಗೋಡೆಗಳನ್ನು ಉಜ್ಜಿ ತೊಳೆದು ಹೊಸ ನೀರು ತುಂಬಿಸಿದರೆ ಮುಗಿಯಿತಲ್ಲ ಎಂದು ಅನ್ನಿಸುತ್ತದೆ. ಮುಗಿಯುವುದಿಲ್ಲ. ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ನೈಟ್ರೋಸೊಮೊನಾಸ್, ನೈಟ್ರೊಸ್ಪೈರಾ ಬ್ಯಾಕ್ಟೀರಿಯಾಗಳು ಗೋಡೆ, ಕಲ್ಲುಗಳ ಮೇಲೂ ನೆಲೆಸಿರುತ್ತವೆ. ಅವನ್ನು ತೊಳೆದುಹಾಕಿದರೆ ಕೊಳ ಮತ್ತೆ ಮೊದಲ ದಿನಕ್ಕೆ ಮರಳುತ್ತದೆ. ಹೊಸ ಕೊಳದಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ, ತಣ್ಣನೆಯ ನೀರಾದರೆ ಇನ್ನೂ ಹೆಚ್ಚು ಕಾಲ ಬೇಕು. ಅಷ್ಟು ದಿನವೂ ಹಸಿರು ನೀರೇ. ವಾರಕ್ಕೆ ಶೇ. 10ರಿಂದ 15ರಷ್ಟು ನೀರು ಬದಲಿಸುವುದು ಸಾಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕವನ್ನು ಬಳಸಿ. ಬರೀ ಕ್ಲೋರಿನ್ ಒಂದೆರಡು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆಗುವ ಕ್ಲೋರಮೀನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಅಮೋನಿಯಾವನ್ನೂ ಹಿಡಿದಿಡುವ ನಿವಾರಕ ಬೇಕು.

6. ನೆರಳು ಮತ್ತು ಪೈಪೋಟಿ

ನೀರಿನ ಮೇಲ್ಮೈಯ ಅರ್ಧದಿಂದ ಶೇ. 60ರಷ್ಟು ಭಾಗ ಎಲೆಗಳಿಂದ ಮುಚ್ಚಿದ್ದರೆ ಪಾಚಿಗೆ ಬೆಳಕು ತಗ್ಗುತ್ತದೆ, ನೀರೂ ತಂಪಾಗಿರುತ್ತದೆ. ನೈದಿಲೆ ಇದಕ್ಕೆ ಸೊಗಸಾದ ಗಿಡ. ಆದರೆ ನೈದಿಲೆಯೂ ತಾವರೆಯೂ ಆಹಾರವನ್ನು ಮುಖ್ಯವಾಗಿ ಬೇರಿನಿಂದ, ಕೆಸರಿನಿಂದ ತೆಗೆದುಕೊಳ್ಳುತ್ತವೆ. ನೀರಿನಲ್ಲಿ ಕರಗಿರುವ ಗೊಬ್ಬರವನ್ನು ಹೀರಲು ಅವುಗಳನ್ನು ನಂಬುವಂತಿಲ್ಲ. ಅದಕ್ಕೆ ಬೇರೇ ಇಲ್ಲದ ಸೆರಟೊಫಿಲಮ್‌ನಂತಹ ಮುಳುಗು ಗಿಡ ಅಥವಾ ಬೇರುಗಳನ್ನು ನೀರಿನಲ್ಲೇ ಇಳಿಬಿಡುವ ಅಂತರಗಂಗೆಯಂತಹ ತೇಲುಗಿಡ ಬೇಕು.

ತೇಲುಗಿಡಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಅಂತರಗಂಗೆ ಮತ್ತು ಜಲಕುಂಭಿ ಜಗತ್ತಿನ ಎಷ್ಟೋ ಕೆರೆ, ನದಿಗಳನ್ನು ಮುಚ್ಚಿಹಾಕಿರುವ ಆಕ್ರಮಣಕಾರಿ ಸಸ್ಯಗಳು, ಹಲವು ದೇಶಗಳಲ್ಲಿ ನಿಷೇಧವಿದೆ. ನಿಮ್ಮಲ್ಲಿ ಅನುಮತಿ ಇದ್ದರೆ ಮಾತ್ರ ಬೆಳೆಸಿ, ಒಂದು ಎಲೆಯೂ ಹೊರಗಿನ ನೀರಿಗೆ ಸೇರದಂತೆ ನೋಡಿಕೊಳ್ಳಿ. ಎರಡನೆಯದು, ಗಿಡ ಬೆಳೆದರಷ್ಟೇ ಸಾಲದು. ವಾರಕ್ಕೊಮ್ಮೆ ಅದರ ಮೂರನೆಯ ಒಂದು ಭಾಗವನ್ನು ಎತ್ತಿ ಗೊಬ್ಬರದ ಗುಂಡಿಗೆ ಹಾಕಬೇಕು. ಹೀರಿಕೊಂಡ ಗೊಬ್ಬರವನ್ನು ಗಿಡದ ಸಮೇತ ಹೊರಗೆ ಸಾಗಿಸಿದಾಗಲೇ ಲಾಭ. ಕೊಳದಲ್ಲೇ ಸತ್ತು ಕೊಳೆತರೆ ಎಲ್ಲವೂ ಮೊದಲಿನಂತೆ.

ಕೊಯಿಗಳಿರುವ ಕೊಳದಲ್ಲಿ ಗಿಡ ಉಳಿಯುವುದು ಕಷ್ಟ, ಅವು ಬೇರನ್ನು ಅಗೆದು ತಿನ್ನುತ್ತವೆ. ಪಕ್ಕದಲ್ಲಿ ಒಂದು ಸಣ್ಣ ತೊಟ್ಟಿ ಕಟ್ಟಿ, ಸುಮಾರು 30 ಸೆಂಟಿಮೀಟರ್ ಜಲ್ಲಿ ತುಂಬಿ, ಅದರಲ್ಲಿ ಜೊಂಡನ್ನೋ ಕೆಸುವನ್ನೋ ನೆಟ್ಟು, ಪಂಪಿನ ನೀರು ಜಲ್ಲಿಯ ತಳದಿಂದ ಮೇಲೇರಿ ಕೊಳಕ್ಕೆ ಮರಳುವಂತೆ ಮಾಡಿ. ಹಿತ್ತಲ ಕೊಳಕ್ಕೆ ಒಂದೇ ಒಂದು ದೊಡ್ಡ ಕೆಲಸ ಮಾಡಿಸುವುದಿದ್ದರೆ ಇದನ್ನೇ ಮಾಡಿಸಿ ಎಂದು ನಾನು ಹೇಳುತ್ತೇನೆ. ಜಲ್ಲಿಯ ಮೇಲೆ ಬ್ಯಾಕ್ಟೀರಿಯಾ, ಅದರ ನಡುವೆ ಬೇರು: ಒಂದೇ ತೊಟ್ಟಿಯಲ್ಲಿ ಎರಡು ಕೆಲಸ.

7. ಫಿಲ್ಟರ್ ಮತ್ತು ಯುವಿ ದೀಪ

ಪಂಪು ಎರಡು ಗಂಟೆಗೊಮ್ಮೆ ಇಡೀ ಕೊಳದ ನೀರನ್ನು ಫಿಲ್ಟರಿನ ಮೂಲಕ ಹಾಯಿಸುವಷ್ಟು ಶಕ್ತವಾಗಿರಲಿ, ಮೀನು ಹೆಚ್ಚಿದ್ದರೆ ಗಂಟೆಗೊಮ್ಮೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಬಕೆಟ್ಟಿನಲ್ಲಿ ಕೊಳದ ನೀರನ್ನೇ ತೆಗೆದು ಅದರಲ್ಲಿ ಹಿಂಡಿ. ಕ್ಲೋರಿನ್ ತಗುಲಿದರೆ ನೆಲೆಸಿದ್ದ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆ ಕೊಳೆ ನೀರನ್ನು ಗಿಡಕ್ಕೆ ಹಾಕಿ.

ಯುವಿ (ಅತಿನೇರಳೆ) ದೀಪ 254 ನ್ಯಾನೋಮೀಟರ್ ತರಂಗಾಂತರದ ಕಿರಣದಿಂದ ತೇಲುವ ಪಾಚಿಕೋಶಗಳನ್ನು ಹಾಳುಮಾಡುತ್ತದೆ. ಅವು ಒಟ್ಟುಗೂಡಿ ಮುದ್ದೆಯಾಗಿ ಫಿಲ್ಟರಿಗೆ ಸಿಕ್ಕಿಬೀಳುತ್ತವೆ. ಹಸಿರು ನೀರಿಗೆ ಇದು ಒಂದೆರಡು ವಾರಗಳಲ್ಲಿ ಫಲ ಕೊಡುತ್ತದೆ. ಕಲ್ಲಿಗೆ ಅಂಟಿದ ಎಳೆ ಪಾಚಿ ದೀಪದ ಮುಂದೆ ಹಾದುಹೋಗುವುದೇ ಇಲ್ಲವಾದ್ದರಿಂದ ಅದಕ್ಕೆ ಪ್ರಯೋಜನವಿಲ್ಲ. ದೀಪ ನಿರಂತರವಾಗಿ ಉರಿದರೆ ಸುಮಾರು ಒಂದು ವರ್ಷದಲ್ಲಿ ಅದರ ಯುವಿ ಶಕ್ತಿ ಕುಂದಿರುತ್ತದೆ. ನೀಲಿ ಬೆಳಕು ಮಾತ್ರ ಮೊದಲಿನಂತೆಯೇ ಕಾಣುತ್ತಿರುತ್ತದೆ. ಅದನ್ನು ನೋಡಿ ಮೋಸಹೋಗದೆ ವರ್ಷಕ್ಕೊಮ್ಮೆ ಬದಲಿಸಿ. ದೀಪದ ಸುತ್ತಲಿನ ಗಾಜಿನ ಕವಚಕ್ಕೆ ಸುಣ್ಣ ಕಟ್ಟಿದ್ದರೆ ಒರೆಸಿ. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಬಾರದು.

8. ಹುಲ್ಲು, ಔಷಧ ಇತ್ಯಾದಿ

ಬಾರ್ಲಿ ಹುಲ್ಲು ನೀರಿನಲ್ಲಿ ಕೊಳೆಯುವಾಗ ಬಿಡುವ ವಸ್ತುಗಳು ಹೊಸ ಪಾಚಿ ಬೆಳೆಯದಂತೆ ತಡೆಯುತ್ತವೆ, ಇರುವ ಪಾಚಿಯನ್ನು ಕೊಲ್ಲುವುದಿಲ್ಲ. ಮೇಲ್ಮೈಯ ಪ್ರತಿ ಚದರ ಮೀಟರಿಗೆ 25 ಗ್ರಾಂನಷ್ಟು ಹುಲ್ಲನ್ನು ಸಡಿಲವಾಗಿ ಬಲೆಚೀಲದಲ್ಲಿ ತುಂಬಿ, ನೀರು ಹರಿಯುವ ಜಾಗದಲ್ಲಿ ಮೇಲ್ಭಾಗದಲ್ಲೇ ತೇಲಿಬಿಡಬೇಕು. ಬೆಚ್ಚನೆಯ ನೀರಿನಲ್ಲಿ ಒಂದೆರಡು ವಾರಕ್ಕೆ, ತಣ್ಣನೆಯ ನೀರಿನಲ್ಲಿ ಆರೆಂಟು ವಾರಕ್ಕೆ ಪರಿಣಾಮ ಶುರುವಾಗುತ್ತದೆ. ಎಲ್ಲ ಕೊಳಗಳಲ್ಲೂ ಒಂದೇ ಫಲ ಸಿಗುವುದಿಲ್ಲ. ಸುರಕ್ಷಿತ, ಆದ್ದರಿಂದ ಪ್ರಯತ್ನಿಸಲು ಅಡ್ಡಿಯಿಲ್ಲ.

ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಮೀನುಕೊಳಕ್ಕೆ ಹಾಕಬೇಡಿ. ಮೆದು ನೀರಿನಲ್ಲಿ, ಅಂದರೆ ಕ್ಷಾರೀಯತೆ ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ ಇರುವ ನೀರಿನಲ್ಲಿ ಪಾಚಿಯನ್ನು ಕೊಲ್ಲುವ ಪ್ರಮಾಣವೂ ಮೀನನ್ನು ಕೊಲ್ಲುವ ಪ್ರಮಾಣವೂ ತೀರಾ ಹತ್ತಿರ ಬರುತ್ತವೆ. ಬಸವನಹುಳುಗಳಂತೂ ಉಳಿಯುವುದಿಲ್ಲ. ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ, ಕೆಸರಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತದೆ. ಪಟಿಕ ಹಾಕಿದರೆ ಮೆದು ನೀರಿನ ಪಿಎಚ್ ಥಟ್ಟನೆ ಕುಸಿಯುತ್ತದೆ. ಬ್ಲೀಚಿಂಗ್ ಪುಡಿಯ ಮಾತೇ ಬೇಡ.

ಬೇರೆ ದಾರಿಯೇ ಇಲ್ಲದೆ ಮೀನುಕೊಳಕ್ಕೆಂದೇ ತಯಾರಾದ ಪಾಚಿನಾಶಕವನ್ನು ಬಳಸಬೇಕಾಗಿ ಬಂದರೆ ಮೊದಲು ಕೈಯಿಂದ ತೆಗೆಯಬಹುದಾದಷ್ಟನ್ನೂ ತೆಗೆಯಿರಿ. ಗಾಳಿ ಪಂಪು ಹಗಲು ರಾತ್ರಿ ಓಡಲಿ. ಲೇಬಲ್ಲಿನ ಪ್ರಮಾಣವನ್ನು ಮೀರಬೇಡಿ, ಕೊಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ಬೆಳಗ್ಗೆ ಹಾಕಿ, ಎರಡು ವಾರ ಕಾದು ಮುಂದಿನ ಭಾಗಕ್ಕೆ ಹೋಗಿ. ಸಾಯುವ ಪಾಚಿ ಮೇಲೆ ತೇಲಿ ಬಂದ ಹಾಗೆ ಎತ್ತುತ್ತಿರಿ. ನಸುಕಿನಲ್ಲಿ ಎದ್ದು ಮೀನುಗಳನ್ನು ನೋಡಿ. ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅರ್ಧ ಗಂಟೆಯೂ ಕಾಯದೆ, ಕ್ಲೋರಿನ್ ನಿವಾರಕ ಹಾಕಿಕೊಂಡು, ಹೊಸ ನೀರನ್ನು ಎತ್ತರದಿಂದ ತುಂತುರಾಗಿ ಬೀಳಿಸಿ. ಆ ದಿನ ಮೇವು ಬೇಡ.

9. ನೀರು ತಿಳಿಯಾದ ಮೇಲೆ

ಹಸಿರು ನೀರು ತಿಳಿಯಾದ ಕೂಡಲೇ ಬೆಳಕು ತಳದವರೆಗೆ ಇಳಿಯುತ್ತದೆ. ಇಲ್ಲಿಯವರೆಗೆ ನೆರಳಿನಲ್ಲಿ ಅಡಗಿದ್ದ ಎಳೆ ಪಾಚಿ ಆಗ ತಲೆ ಎತ್ತುತ್ತದೆ. ಯುವಿ ದೀಪವೊಂದನ್ನೇ ನಂಬಿದವರಿಗೆ ಇದು ಖಂಡಿತ ಎದುರಾಗುತ್ತದೆ, ಏಕೆಂದರೆ ಗೊಬ್ಬರ ಹಾಗೆಯೇ ಉಳಿದಿರುತ್ತದೆ, ಅದನ್ನು ತಿನ್ನುವ ಪಾಚಿ ಮಾತ್ರ ಬದಲಾಗಿರುತ್ತದೆ. ಮೇವು ತಗ್ಗಿಸಿ, ಗಿಡ ನೆಟ್ಟವರಲ್ಲಿ ಎಳೆ ಪಾಚಿ ಬಂದರೂ ಕೆಲವು ವಾರ ಕೋಲಿನಿಂದ ಸುತ್ತಿ ತೆಗೆದರೆ ಕ್ಷೀಣಿಸುತ್ತದೆ. ಬಿಳಿ ತಟ್ಟೆಯ ಅಳತೆಯನ್ನು ಈಗಲೂ ವಾರಕ್ಕೊಮ್ಮೆ ಬರೆಯುತ್ತಿರಿ. ಎರಡು ವಾರ ಸತತವಾಗಿ ಅಂಕಿ ಇಳಿದರೆ ಮೊದಲು ಮೇವಿನ ಡಬ್ಬಿಯನ್ನು ನೋಡಿ, ಆಮೇಲೆ ಫಿಲ್ಟರನ್ನು.

ಗೋಡೆ, ಕಲ್ಲುಗಳ ಮೇಲಿನ ಗಿಡ್ಡ ಹಸಿರನ್ನು ಉಜ್ಜಿ ತೆಗೆಯುವ ಆಸೆ ಆಗಾಗ ಬರುತ್ತದೆ. ಬಿಟ್ಟುಬಿಡಿ. ಅದು ದಿನವೂ ನೀರಿನಿಂದ ಒಂದಷ್ಟು ನೈಟ್ರೇಟನ್ನು ಹೀರುತ್ತದೆ, ಅದರ ನಡುವೆ ಸಣ್ಣ ಹುಳುಗಳು ಬದುಕುತ್ತವೆ. ಮೇವು ಹಾಕದ ದಿನ ಬೆಳಗ್ಗೆ ಕೊಳದ ಬಳಿ ಸ್ವಲ್ಪ ಹೊತ್ತು ಕುಳಿತರೆ, ಮೀನುಗಳು ಒಂದೊಂದಾಗಿ ಬಂದು ಆ ಕಲ್ಲುಗಳನ್ನು ಮೇಯುವುದು ಕಾಣುತ್ತದೆ.